ಡೊಂಬಿವಲಿಯ ಟೈಪು ತಾಳಮದ್ದಳೆ

ಮನುಷ್ಯನನ್ನು ಮೃಗಗಳಿಂದ ಬೇರೆ ಮಾಡಿ ನಿಲ್ಲಿಸಿದ್ದು ಮಾತು ಎಂದು ಹಿರಿಯರು ಹೇಳಿದ್ದಾರೆ. ಹಿರಿಯರ ಬಗ್ಗೆ ನನಗೆ ಅಪಾರ ಗೌರವ. ಆದರೆ ಅವರ ಕೈಯಲ್ಲಿ ಮೊಬೈಲು ಇರಲಿಲ್ಲ. ಇಂದು ಬೆಳಿಗ್ಗೆ ನನ್ನ ಮೊಬೈಲಿಗೆ ಬಂದು ಬಿದ್ದ ಮಾನವಕುಲದ ಮಾತುಗಳು ಇಷ್ಟು: ಗುಲಾಬಿ ಹೂವಿನ ಜೊತೆ ಶುಭೋದಯ, ಸೂರ್ಯಕಾಂತಿಯ ಜೊತೆ ಶುಭೋದಯ, ಮಧುಮೇಹಕ್ಕೆ ಹಾಗಲಕಾಯಿ. ಮೂರನ್ನೂ ಒಂದೇ ಗುಂಪಿನವರು ಕಳಿಸಿದ್ದರು. ಆ ಗುಂಪಿನ ಹೆಸರಿನಲ್ಲಿ 'ತಾಳಮದ್ದಳೆ' ಎಂಬ ಪದ ಈಗಲೂ ಇದೆ, ಮುಚ್ಚಿಹೋದ ಗಿರಣಿಯ ಹೆಸರು ಬಸ್ ಸ್ಟಾಪಿಗೆ ಉಳಿದುಕೊಂಡ ಹಾಗೆ.

ಇದನ್ನು ನೋಡಿದ್ದು ಡೊಂಬಿವಲಿ ಸ್ಟೇಷನ್ನಿನಿಂದ ಎಂಐಡಿಸಿ ಎಂಬ ಕಾರ್ಖಾನೆಗಳ ವಸಾಹತಿನ ಕಡೆಗೆ ಹೋಗುವ ರಿಕ್ಷಾದಲ್ಲಿ, ಒಂದು ಗೃಹಪ್ರವೇಶಕ್ಕೆ ಹೊರಟಾಗ. ನಾನು ಡೊಂಬಿವಲಿ ಬಿಟ್ಟು ಪನವೇಲಿಗೆ ಹೋಗಿ ವರ್ಷಗಳಾದವು. ಮಳೆ ಬಂದು ನಿಂತಿತ್ತು. ಕಾರ್ಖಾನೆಗಳ ಸಾಲು ಶುರುವಾಗುತ್ತಲೇ ಆ ಘಾಟು ಬಂತು: ಸುಟ್ಟ ಸಕ್ಕರೆ, ಕೊಳೆತ ಮೊಟ್ಟೆ ಮತ್ತು ಬಣ್ಣದ ಡಬ್ಬಿ ಮೂರನ್ನೂ ಸೇರಿಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟಂಥ ವಾಸನೆ. ಡೊಂಬಿವಲಿಯವರು ಇದಕ್ಕೆ ಮೂಗು ಮುಚ್ಚುವುದಿಲ್ಲ, ಮಳೆ ಬಂತು ಎಂದು ತಿಳಿದುಕೊಳ್ಳುತ್ತಾರೆ. ನಾನು ಮಾತ್ರ ಮೂಗು ಮುಚ್ಚಿದೆ. ಅದರೊಳಗಿಂದ ಎರಡು ಸಾವಿರದ ಹದಿಮೂರರ ಮಳೆಗಾಲ ಎದ್ದು ಬಂದು ಎದುರಿಗೆ ಕೂತಿತು, ಮತ್ತು ಇಳಿದಿದ್ದ ಸಿಟ್ಟು ಮತ್ತೆ ಏರಿತು.

ಆ ಘಾಟಿನ ನಟ್ಟನಡುವೆ, ಒಂದು ರಾಸಾಯನಿಕ ಕಾರ್ಖಾನೆಯ ಕ್ಯಾಂಟೀನನ್ನು ಪದ್ಮನಾಭಣ್ಣ ನಡೆಸುತ್ತಿದ್ದರು. ಬ್ರಹ್ಮಾವರದ ಕಡೆಯವರು. ವಾರವಿಡೀ ಇಡ್ಲಿ, ಉಸಳ್, ಚಪಾತಿ. ಆದಿತ್ಯವಾರ ಮಾತ್ರ ಅರಸ. ನಮ್ಮ ಕನ್ನಡ ಸಂಘದ ತಾಳಮದ್ದಳೆ ಕೂಟದಲ್ಲಿ ಅವರದ್ದು ಯಾವತ್ತೂ ಸಿಂಹಾಸನದ ಮೇಲೆ ಕೂತವನ ಪಾತ್ರ. ತಾಳಮದ್ದಳೆ ಎಂದರೆ ವೇಷ ಕಟ್ಟದ, ಕುಣಿಯದ ಯಕ್ಷಗಾನ. ಭಾಗವತ ಒಂದು ಪದ್ಯ ಹಾಡುತ್ತಾನೆ. ಚಾಪೆಯ ಮೇಲೆ ಎದುರುಬದುರು ಕೂತ ಇಬ್ಬರು ಆ ಪದ್ಯಕ್ಕೆ ಆ ಕ್ಷಣ ಹೊಳೆದ ಅರ್ಥ ಹೇಳುತ್ತ ಒಬ್ಬರನ್ನೊಬ್ಬರು ಮಾತಿನಲ್ಲಿ ಅರೆಯುತ್ತಾರೆ. ಬರೆದಿಟ್ಟ ಮಾತು ಒಂದೂ ಇಲ್ಲ. ಪದ್ಮನಾಭಣ್ಣ "ಎಲವೋ!" ಎಂದರೆ ಹೊರಗೆ ಬಾಡಿಗೆ ಬೇಡವೆಂದು ತಲೆಯಾಡಿಸುತ್ತಿದ್ದ ರಿಕ್ಷಾದವ ಮೀಟರು ತಿರುಗಿಸುತ್ತಿದ್ದ.

ಅವರ ಎದುರಾಳಿ ಶೇಖರಣ್ಣ. ಠಾಣೆಯಲ್ಲಿ ಹೋಟೆಲು, ಸಂಘದ ಅಧ್ಯಕ್ಷ ಸ್ಥಾನ, ಮತ್ತು ಕತ್ತರಿಯಂಥ ನಾಲಗೆ. ಇಪ್ಪತ್ತು ವರ್ಷ ಇಬ್ಬರೂ ಒಬ್ಬರನ್ನೊಬ್ಬರು ಸೋಲಿಸಲು ನೋಡಿ ಇಬ್ಬರೂ ಸೋತಿರಲಿಲ್ಲ. ಆಟ ಮುಗಿದ ಮೇಲೆ ಒಂದೇ ಚಹಾವನ್ನು ಹಂಚಿಕೊಂಡು ಕುಡಿಯುತ್ತಿದ್ದರು. ಆಗಲೂ ಜಗಳ, ಯಾರ ಅರ್ಧದಲ್ಲಿ ಹೆಚ್ಚು ಸಕ್ಕರೆ ಉಳಿಯಿತು ಎಂದು.

ಎರಡು ಸಾವಿರದ ಹದಿಮೂರರ ಆರಂಭದಲ್ಲಿ ಪದ್ಮನಾಭಣ್ಣನ ಗಂಟಲಿನಲ್ಲಿ ಗಂಟು ಕಾಣಿಸಿಕೊಂಡಿತು. ಮುಂಬಯಿಯ ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ನು ಆಯಿತು. ಜೀವ ಉಳಿಯಿತು, ಧ್ವನಿ ಹೋಯಿತು. ಗಂಟಲಿಗೆ ಒತ್ತಿ ಹಿಡಿದರೆ ಗುಂಯ್ ಎಂದು ಮಾತು ಹೊರಡಿಸುವ ಯಂತ್ರವೊಂದನ್ನು ಮಗಳು ತಂದುಕೊಟ್ಟಳು. ಅವರು ಒಮ್ಮೆ ಹಿಡಿದು ನೋಡಿ, ಕೆಳಗಿಟ್ಟು, ಸ್ಲೇಟಿನ ಮೇಲೆ ಬರೆದರು: "ಅರಸ ಗ್ರೈಂಡರಿನ ಹಾಗೆ ಮಾತಾಡುವುದಿಲ್ಲ." ಆಮೇಲೆ ಕೂಟಕ್ಕೆ ಬಂದು ಪ್ರೇಕ್ಷಕರ ಸಾಲಿನಲ್ಲಿ ಕೂರತೊಡಗಿದರು. ಬೇರೆ ಯಾರೋ ಅರಸನಾಗಿ ತಡವರಿಸುವಾಗ ಇವರ ತುಟಿ ಅಲ್ಲಾಡುತ್ತಿತ್ತು. ಅದನ್ನು ನೋಡುವುದು ನನ್ನಿಂದಾಗುತ್ತಿರಲಿಲ್ಲ.

ದಾರಿ ತೋರಿಸಿದವನು ಕುಲಕರ್ಣಿ. ಧಾರವಾಡದವನು, ಕಲ್ಯಾಣದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ. ಯಕ್ಷಗಾನದ ಗಂಧ ಇಲ್ಲದಿದ್ದರೂ ಸಂಘದ ಫ್ಯಾನು, ಮೈಕು, ಕಂಪ್ಯೂಟರು ಯಾವುದು ಕೆಟ್ಟರೂ ಬರುತ್ತಿದ್ದ. ಒಂದು ದಿನ ಚಹಾ ಕುಡಿಯುತ್ತ ನನ್ನನ್ನು ಮೂಲೆಗೆ ಕರೆದ.

"ಭಾಗವತರ, ಅವರಿಗೆ ಗಂಟಲಾ ಹೋತು ಅಂತ ಎಲ್ಲಾರೂ ಅಳಾಕತ್ತೀರಿ. ಬೆರಳು ಅದಾವಲ್ರಿ?"

"ಬೆರಳಿನಲ್ಲಿ ಎಂತ ಮಾಡುವುದು ಮಾರಾಯ? ತಾಳ ಹಾಕುವುದಾ?"

"ಟೈಪ್ ಹೊಡೀಲಿ. ಅವರು ಹೊಡೀಲಿ, ಶೇಖರಣ್ಣ ಹೊಡೀಲಿ. ನೀವು ಪದ್ಯಾ ಹೊಡೀರಿ. ನಿಮ್ಮ ಹಾಡು ಕೇಳೋದು ತಪ್ಪತದ, ಜನರಿಗೂ ಒಂದು ಉಪಕಾರ."

ನಾನು ಬೇಲಾಪುರದ ಸರಕಾರಿ ಕಚೇರಿಯಲ್ಲಿ ಗುಮಾಸ್ತ. ಸಂಘದ ಭಾಗವತನೂ ಹೌದು, ಬೇರೆ ಯಾರೂ ಸಿಗದ ಕಾರಣ. ಆದ್ದರಿಂದ ಆ ಮಾತಿನ ಕೊನೆಯ ಭಾಗವನ್ನು ಕೇಳಿಸಿಕೊಳ್ಳಲಿಲ್ಲ. ಆದರೆ ಮೊದಲ ಭಾಗ ಹಿಡಿಸಿತು. ಪದ್ಮನಾಭಣ್ಣ ಊರಿನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಟೈಪಿಂಗ್ ಕಲಿತವರು. ಕ್ಯಾಂಟೀನಿನ ಹಳೇ ಕಂಪ್ಯೂಟರಿನಲ್ಲಿ ಕನ್ನಡ ಟೈಪಿಂಗನ್ನು ಎರಡೇ ವಾರದಲ್ಲಿ ರೂಢಿಸಿಕೊಂಡರು. ಅವರ ಬೆರಳು ಅವರ ನಾಲಗೆಯಷ್ಟೇ ವೇಗವಾಗಿತ್ತು, ಅಷ್ಟೇ ಕೆಟ್ಟದ್ದೂ ಆಗಿತ್ತು.

ಕುಲಕರ್ಣಿ ಸಂಘದ ಕೋಣೆಯಲ್ಲಿ, ಹಾರ್ಮೋನಿಯಂ ಇಡುವ ಕಪಾಟಿನ ಪಕ್ಕ, ಯಾರೋ ಬಿಸಾಡಿದ ಕಂಪ್ಯೂಟರೊಂದನ್ನು ತಂದು ಕೂರಿಸಿದ. ಅದೇ ನಮ್ಮ ಸಂದೇಶಗಳ ಅಂಚೆಮನೆ, ಸರ್ವರು. ಅದರ ಮರ್ಮವನ್ನು ನಮಗೆ ಹೀಗೆ ತಿಳಿಸಿದ:

"ಅಂಚೀ ವಿಳಾಸ ಇದ್ದಂಗ್ರಿ ಇದು. ಮೊದಲ ಹೆಸರು, ಆಮ್ಯಾಲೆ ಮನಿ. ಪದ್ಮನಾಭಣ್ಣನ ಮನಿ ಈ ಸಂಘದ ಡಬ್ಬಿ. ಶೇಖರಣ್ಣಗ ಅಗದೀ ದೊಡ್ಡ ಕಂಪನೀದು ಮೇಲ್ ಅದ, ಅವರ ಮನಿ ಅದು. ನಂದು ಕಲ್ಯಾಣದಾಗ. ಮನಿ ಬ್ಯಾರೆ, ಭಾಷಾ ಒಂದ. ಆ ಭಾಷಾ ಹಿಂಗಿರಬೇಕಂತ ಬರದು ಊರ ಮುಂದ ಇಟ್ಟಾರ, ಯಾರ ಬೇಕಾದವರೂ ಕಲೀಬಹುದು. ಇದಕ್ಕ ಒಡೆಯಾ ಅಂತ ಯಾರೂ ಇಲ್ರೀ."

ಪದ್ಮನಾಭಣ್ಣ ಸ್ಲೇಟು ಎತ್ತಿದರು. "ಹೊಸತೇನಿದೆ? ತಾಳಮದ್ದಳೆ ಹೀಗೇ."

ನಿಜವೇ. ಕುಂದಾಪುರದವನು ಬಂದು ಕಾಸರಗೋಡಿನವನ ಎದುರು ಕೂರಬಹುದು. ಇಬ್ಬರೂ ಹಿಂದೆಂದೂ ಮುಖ ನೋಡಿರಬೇಕಿಲ್ಲ, ಒಂದೇ ಮೇಳದವರಾಗಬೇಕಿಲ್ಲ. ಪ್ರಸಂಗ ಎಲ್ಲರದ್ದು, ತಾಳ ಎಲ್ಲರದ್ದು, ಅರ್ಥ ಅವರವರದ್ದು. "ನಮ್ಮ ಮೇಳದ ಚಾಪೆಯಲ್ಲಿ ಕೂತರೆ ಮಾತ್ರ ನಿನ್ನ ಮಾತು ನಮಗೆ ಕೇಳುತ್ತದೆ" ಎಂದು ಯಾವ ಮೇಳದ ಯಜಮಾನನೂ ಇದುವರೆಗೆ ಹೇಳಿದ್ದಿಲ್ಲ. ಹೇಳಿದ್ದರೆ ಅವನಿಗೆ ಊರಿನಲ್ಲಿ ಊಟ ಹುಟ್ಟುತ್ತಿರಲಿಲ್ಲ. ಆ ಮಾತನ್ನು ಹೇಳಿಯೂ ಲೋಕದ ಶ್ರೀಮಂತನಾಗುವ ವಿದ್ಯೆ ಇನ್ನೂ ಬಂದಿರಲಿಲ್ಲ.

ಆದಿತ್ಯವಾರ ಮಧ್ಯಾಹ್ನ ಮೂರಕ್ಕೆ ಮೊದಲ ಕೂಟ. ಹೊರಗೆ ಕಿಟಕಿಯ ತಗಡಿನ ಮೇಲೆ ಮಳೆ ಮದ್ದಳೆ ಬಾರಿಸುತ್ತಿತ್ತು. ನಾನು ಮನೆಯ ಕಂಪ್ಯೂಟರಿನ ಮುಂದೆ, ಅಭ್ಯಾಸಬಲದಿಂದ ಹೆಗಲಿಗೆ ಶಾಲು ಹಾಕಿಕೊಂಡು, ರಾಯಭಾರದ ಪ್ರಸಂಗದ ಪದ್ಯ ಟೈಪು ಮಾಡಿದೆ. ಸಂಧಾನಕ್ಕೆ ಬಂದ ದೂತ ಶೇಖರಣ್ಣ, ಠಾಣೆಯ ಹೋಟೆಲಿನ ಗಲ್ಲಾದ ಪಕ್ಕದ ಕಂಪ್ಯೂಟರಿನಿಂದ. ಸಭೆಯ ಅರಸ ಪದ್ಮನಾಭಣ್ಣ. ಸುತ್ತ ಸಂಘದ ಹದಿನೈದಿಪ್ಪತ್ತು ಮಂದಿ, ಮುಲುಂಡಿನಿಂದ ದಿವಾದ ತನಕ ತಂತಮ್ಮ ಮನೆಗಳಲ್ಲಿ ಪರದೆಯ ಮುಂದೆ. ಪದ್ಮನಾಭಣ್ಣನ ಹೆಸರಿನ ಕೆಳಗೆ "ಬರೆಯುತ್ತಿದ್ದಾರೆ" ಎಂದು ಮಿನುಗತೊಡಗಿದಾಗ, ಮಾತಿಗೆ ಮುಂಚೆ ಅವರು ಕೆಮ್ಮಿ ಗಂಟಲು ಸರಿಮಾಡಿಕೊಳ್ಳುತ್ತಿದ್ದದ್ದು ನನಗೆ ನೆನಪಾಯಿತು.

"ದೂತನೇ," ಎಂದು ಬಂತು, "ಚಪ್ಪಲಿಯನ್ನು ಹೊರಗೆ ಬಿಟ್ಟು ಬರುವ ಸಂಸ್ಕಾರ ನಿನಗಿದೆ. ಅಹಂಕಾರವನ್ನು ಯಾಕೆ ಒಳಗೆ ತಂದೆ?"

ಠಾಣೆಯಿಂದ ಉತ್ತರ ಬರಲು ಕ್ಷಣವೂ ಹಿಡಿಯಲಿಲ್ಲ. "ಹೊರಗೇ ಬಿಡಬೇಕೆಂದಿದ್ದೆ ಅರಸಾ. ಜಾಗ ಹುಡುಕಿದೆ. ಬಾಗಿಲ ತನಕ ನಿನ್ನದೇ ತುಂಬಿತ್ತು."

ಪರದೆಯ ಮೇಲೆ "ಭಲೇ"ಗಳ ಸುರಿಮಳೆ. ಪದ್ಮನಾಭಣ್ಣನ ಮಗಳು ಆಮೇಲೆ ನನಗೆ ಹೇಳಿದಳು. ಇಲ್ಲಿಯೇ ಹುಟ್ಟಿ ಬೆಳೆದವಳು. ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮರಾಠಿ. "ಅಂಕಲ್, ಬಾಬಾ ಇತಕೆ ಹಸಲೇ, ಇತಕೆ ಹಸಲೇ... ಆವಾಜ್ ನಾಹೀ, ಪಣ್ ಖುರ್ಚಿ ಹಲತ್ ಹೋತೀ." ಅಪ್ಪ ಎಷ್ಟು ನಕ್ಕರೆಂದರೆ, ಸದ್ದು ಇಲ್ಲ, ಕುರ್ಚಿ ಮಾತ್ರ ಅಲ್ಲಾಡುತ್ತಿತ್ತಂತೆ.

ಆ ಮಳೆಗಾಲ ಪೂರ್ತಿ ಹಾಗೆ ನಡೆಯಿತು. ಹಳಿಯ ಮೇಲೆ ನೀರು ನಿಂತು ಲೋಕಲ್ ನಿಂತರೂ ಕೂಟ ನಿಲ್ಲಲಿಲ್ಲ. ಇದಕ್ಕೆ ಮುಂಚೆ ಅರ್ಧಕ್ಕರ್ಧ ಜನ ಹಳಿ ರಿಪೇರಿಗೆಂದು ಗಾಡಿ ನಿಲ್ಲಿಸುವ ಆದಿತ್ಯವಾರದ ಮೆಗಾಬ್ಲಾಕಿನ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದರು. ಈಗ ನೆಪವೂ ಉಳಿಯಲಿಲ್ಲ. ಸೋಮವಾರ ಠಾಣೆಯಲ್ಲಿ ಇಳಿದು ವಾಶಿ ಕಡೆಯ ಗಾಡಿ ಹಿಡಿಯುವಾಗ ಪ್ಲಾಟ್‌ಫಾರ್ಮಿನಲ್ಲಿ ಸಿಕ್ಕವರೆಲ್ಲ ಹಿಂದಿನ ದಿನದ ಅರ್ಥವನ್ನು ಬಾಯಿಪಾಠ ಒಪ್ಪಿಸುತ್ತಿದ್ದರು. ಪದ್ಮನಾಭಣ್ಣ ಕ್ಯಾಂಟೀನಿನಲ್ಲಿ ಮತ್ತೆ ಹುಡುಗರಿಗೆ ಬೈಯತೊಡಗಿದರು, ಸ್ಲೇಟಿನಲ್ಲಿ, ದೊಡ್ಡ ಅಕ್ಷರದಲ್ಲಿ.

ದೀಪಾವಳಿ ಕಳೆದು ಕೆಲವು ವಾರಗಳಾಗಿರಬೇಕು. ಒಂದು ಆದಿತ್ಯವಾರ ಅರಸ ಪ್ರಶ್ನೆ ಕೇಳಿದ, ದೂತ ಉತ್ತರಿಸಲಿಲ್ಲ. ಅರಸ ಮತ್ತೆ ಕೇಳಿದ, ಮೌನ. ಶೇಖರಣ್ಣನಿಗೆ ಫೋನು ಮಾಡಿದೆ.

"ನಾನು ಆಗಿನಿಂದ ಬೈತಾ ಇದ್ದೇನಲ್ಲ ಮಾರಾಯ!" ಎಂದರು ಅವರು. "ಅವನಿಗೆ ಕಾಣುವುದಿಲ್ವಾ?"

ಕಾಣುತ್ತಿರಲಿಲ್ಲ. ಕುಲಕರ್ಣಿ ಎರಡು ದಿನ ತಲೆ ಕೆಡಿಸಿಕೊಂಡು ಪತ್ತೆ ಹಚ್ಚಿದ. ನಮ್ಮ ಡಬ್ಬಿ ಸರಿಯಾಗಿಯೇ ಇತ್ತು. ಶೇಖರಣ್ಣನ ಮೇಲ್ ಇದ್ದ ಆ ಅಗದೀ ದೊಡ್ಡ ಕಂಪನಿ ತನ್ನ ಬಾಗಿಲು ಹಾಕಿಕೊಂಡಿತ್ತು. ಇನ್ನು ಮುಂದೆ ಅದರೊಳಗಿನವರು ಅದರೊಳಗಿನವರ ಜೊತೆ ಮಾತ್ರ ಮಾತಾಡಬೇಕು. ಹೊರಗಿನ ಮನೆಗಳ ಜೊತೆ ವ್ಯವಹಾರವಿಲ್ಲ. ಎಲ್ಲ ಬಳಕೆದಾರರ ಅನುಕೂಲಕ್ಕಾಗಿ ಎಂಬರ್ಥದ ವಿವರಣೆಯೂ ಇತ್ತು. ಬಾಗಿಲು ಮುಚ್ಚುವವರು ಯಾವತ್ತೂ ಹೊರಗೆ ನಿಂತವನ ಅನುಕೂಲಕ್ಕೇ ಮುಚ್ಚುತ್ತಾರೆ.

ಇದನ್ನು ಡೊಂಬಿವಲಿಯವನಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೆಳಗಿನ ಹೊತ್ತು ಹಿಂದಿನ ಸ್ಟೇಷನ್ನಿನಿಂದ ತುಂಬಿ ಬಂದ ಫಾಸ್ಟ್ ಲೋಕಲ್ಲಿನ ಬಾಗಿಲಲ್ಲಿ ಒಬ್ಬ ನೇತಾಡುತ್ತಿರುತ್ತಾನೆ. ಆ ಮನುಷ್ಯ ತಾನು ಹತ್ತುವಾಗ "ಅಂದರ್ ಚಲೋ ಭಾಯಿ, ಅಂದರ್ ಚಲೋ" ಎಂದು ಸರ್ವರ ಸಮಾನತೆಯನ್ನು ಸಾರಿದವನು. ಹತ್ತಿದ ಮರುಕ್ಷಣ ಅವನೇ ಎರಡೂ ಕೈ ಚಾಚಿ "ಜಗಾ ನಹೀಂ ಹೈ, ಪೀಛೆ ಸೇ ಆವೋ" ಎನ್ನುತ್ತಾನೆ, ಜಾಗವಿಲ್ಲ, ಹಿಂದಿನ ಗಾಡಿಗೆ ಬಾ ಎಂದು. ಇನ್ನೂ ಮುಂದೆ ದಿವಾದಲ್ಲಿ ಹತ್ತಲು ನಿಂತವರನ್ನು ಕೇಳಿ, ಇನ್ನೂ ಚೆನ್ನಾಗಿ ಹೇಳುತ್ತಾರೆ. ಆ ಕಂಪನಿಯೂ ಚಿಕ್ಕದಿದ್ದಾಗ ಊರೆದುರು ಇಟ್ಟ ಆ ಭಾಷೆಯನ್ನೇ ಕಲಿತು, ಎಲ್ಲರ ಜೊತೆ ಮಾತಾಡಿ, ಎಲ್ಲರ ಹೆಗಲು ಹಿಡಿದು ಮೇಲೆ ಹತ್ತಿತ್ತು. ಒಳಗೆ ಜಾಗ ಸಿಕ್ಕಿತು, ಕೈ ಚಾಚಿತು. ಲೋಕಲ್ಲಿನ ಆ ಮನುಷ್ಯನಿಗಾದರೂ ಆಫೀಸಿಗೆ ಹೊತ್ತಾಗಿರುತ್ತದೆ, ಬೆನ್ನಿಗೆ ಬೆವರು ಇರುತ್ತದೆ. ಇವರಿಗೆ ಏನಾಗಿತ್ತು?

"ಶೇಖರಣ್ಣಗ ನಮ್ಮ ಡಬ್ಬ್ಯಾಗ ಒಂದು ಖಾತೆ ತೆರದ್ರಾತು," ಎಂದ ಕುಲಕರ್ಣಿ. "ಎರಡು ನಿಮಿಷದ ಕೆಲಸ." ಅವನೇ ಠಾಣೆಗೆ ಹೋಗಿ, ಗಲ್ಲಾದ ಪಕ್ಕದ ಕಂಪ್ಯೂಟರಿನಲ್ಲಿ ಎಲ್ಲವನ್ನೂ ಸಜ್ಜು ಮಾಡಿ, ಗುಪ್ತಪದವನ್ನು ಶೇಖರಣ್ಣನ ಕೈಗೆ ಕೊಟ್ಟು, ಒಂದು ಮಸಾಲೆ ದೋಸೆ ತಿಂದು ಬಂದ. ಇಷ್ಟಕ್ಕೆ ಕಥೆ ಮುಗಿಯಬೇಕಿತ್ತು.

ಆದರೆ ನಮ್ಮಲ್ಲಿ ಒಬ್ಬ ಕಾರ್ಯದರ್ಶಿ ಇದ್ದ. ಶ್ರೀನಿಧಿ, ಮೈಸೂರಿನವನು, ಐರೋಲಿಯ ಐಟಿ ಕಂಪನಿಯಲ್ಲಿ ಮ್ಯಾನೇಜರು. ಒಳ್ಳೆಯವನು. ಜಗತ್ತಿನ ಹೆಚ್ಚಿನ ಹಾನಿಯನ್ನು ಒಳ್ಳೆಯವರು, ಉತ್ಸಾಹದಿಂದ, ಕಮಿಟಿ ಮೀಟಿಂಗಿನಲ್ಲಿ ಮಾಡುತ್ತಾರೆ.

"ಸಾರ್, ಈ ಸರ್ವರು ಗಿರ್ವರು ಎಲ್ಲಾ ಯಾಕೆ ಸಾರ್ ಈ ಕಾಲದಲ್ಲಿ?" ಎಂದು ಅವನು ಸಂಘದ ಸಭೆಯಲ್ಲಿ ಎದ್ದು ನಿಂತು ತನ್ನ ಮೊಬೈಲು ಎತ್ತಿ ತೋರಿಸಿದ, ದೀಪಾರತಿ ಎತ್ತಿದ ಹಾಗೆ. "ಈ ಆ್ಯಪ್ ಹಾಕ್ಕೊಂಡ್ರೆ ಮುಗೀತು. ಎಲ್ಲರ ಹತ್ರಾನೂ ಇದೆ. ಫೋನ್ ನಂಬರ್ ಕೊಟ್ರೆ ಸಾಕು, ಗುಂಪು ರೆಡಿ."

"ಕಂಪ್ಯೂಟರಿನ್ಯಾಗ ನಡೀತದೇನ್ರಿ ಅದು?" ಎಂದ ಕುಲಕರ್ಣಿ.

"ಇಲ್ಲ, ಫೋನಲ್ಲಿ ಮಾತ್ರ."

"ಬ್ಯಾರೆ ಆ್ಯಪ್‌ನವರ ಜೋಡಿ ಮಾತಾಡ್ತದೇನು?"

"ಬೇರೆ ಆ್ಯಪ್ ಯಾಕ್ ಬೇಕು ಸಾರ್, ಎಲ್ರೂ ಇಲ್ಲೇ ಇರ್ತಾರಲ್ಲ!"

"ನಾಳೆ ಅವರು ಬಾಗಲಾ ಹಾಕಿದ್ರ?"

"ಅಯ್ಯೋ, ಅಷ್ಟು ದೊಡ್ಡ ಕಂಪನಿ ಸಾರ್ ಅದು."

ದೊಡ್ಡ ಕಂಪನಿಯೊಂದು ಬಾಗಿಲು ಹಾಕಿದ್ದಕ್ಕೇ ನಾವು ಅಲ್ಲಿ ಸೇರಿದ್ದೆವು. ಅದಕ್ಕೆ ಪರಿಹಾರವಾಗಿ ಇನ್ನೊಂದು ದೊಡ್ಡ ಕಂಪನಿಯ ಬಾಗಿಲೊಳಗೆ ಹೋಗಿ ಕೂರುವ ಸಲಹೆ ಬಂದಿತ್ತು, ಮತ್ತು ಹತ್ತು ತಲೆಗಳು ಹೌದು ಹೌದು ಎಂದು ಆಡಿದವು. ನಾನು ಎದ್ದು ಹೇಳಿದೆ: "ನಮ್ಮದರಲ್ಲಿ ಬೇಕಾದವರು ಫೋನಿನಿಂದ ಬರಬಹುದು, ಬೇಕಾದವರು ಕಂಪ್ಯೂಟರಿನಿಂದ. ಇವರದ್ದರಲ್ಲಿ ಎಲ್ಲರೂ ಇವರು ಹೇಳಿದ ಹಾಗೇ ಕೂರಬೇಕು. ಪದ್ಮನಾಭಣ್ಣ ಫೋನಿನಲ್ಲಿ ಅರ್ಥ ಹೇಳುವುದು ಹೇಗೆ?"

ಕೂಡಲೇ ಶ್ರೀನಿಧಿ ತನ್ನ ಫೋನನ್ನು ಪದ್ಮನಾಭಣ್ಣನ ಕೈಗಿಟ್ಟ. ಮೂವತ್ತು ವರ್ಷ ಕಾವಲಿಯಿಂದ ಚಪಾತಿ ಎತ್ತಿದ ಬೆರಳುಗಳು ಅವು; ತುದಿ ಗಟ್ಟಿಯಾಗಿ ಚರ್ಮ ಸತ್ತಿತ್ತು. ಅವರು ಗಾಜಿನ ಮೇಲೆ ಒತ್ತಿದರು. ಗಾಜಿಗೆ ಅದು ಬೆರಳೆಂದು ಗೊತ್ತಾಗಲಿಲ್ಲ. ಮತ್ತೆ ಒತ್ತಿದರು. ನಾಲ್ಕನೆಯ ಸಲಕ್ಕೆ ಒಂದು ಅಕ್ಷರ ಮೂಡಿತು. ಅದನ್ನು ಇನ್ನೊಬ್ಬರ ಫೋನಿಗೆ ಕಳಿಸಿ ನೋಡಿದರೆ, ಅಲ್ಲಿ ಕನ್ನಡವೇ ಇಲ್ಲ, ಖಾಲಿ ಚೌಕ. ಸಭೆಯಲ್ಲಿ ಯಾರೋ ನಕ್ಕರು.

ಆಗ ಶ್ರೀನಿಧಿಗೆ ಹೊಳೆಯಿತು. ಅವನ ಮುಖ ಬೆಳಗಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. "ಸಾರ್, ಟೈಪೇ ಬೇಡ! ಹೊಸದಾಗಿ ಬಂದಿದೆ. ಈ ಬಟನ್ ಒತ್ತಿ ಹಿಡ್ಕೊಳ್ಳಿ, ಸುಮ್ನೆ ಮಾತಾಡಿ. ನಿಮ್ಮ ವಾಯ್ಸ್ ಹಂಗೇ ಹೋಗುತ್ತೆ."

ಪದ್ಮನಾಭಣ್ಣ ಫೋನನ್ನು ಎರಡೂ ಕೈಯಲ್ಲಿ, ಪ್ರಸಾದದ ಬಟ್ಟಲನ್ನು ಮರಳಿಸುವಂತೆ, ಶ್ರೀನಿಧಿಗೆ ಕೊಟ್ಟರು. ಸ್ಲೇಟಿನಲ್ಲಿ ಬರೆದರು: "ಒತ್ತಿ ಹಿಡಿದೆ. ಬರಲಿಲ್ಲ."

ಶ್ರೀನಿಧಿ ಕೆಂಪಾಗಿ "ಸಾರಿ ಸಾರ್, ಸಾರಿ ಸಾರ್" ಎಂದ, ನಿಜವಾಗಿಯೇ. ಆದರೆ ಆ ಮಾತು ಸಭೆಯ ಕಿವಿಗೆ ಬಿದ್ದಾಗಿತ್ತು. ಟೈಪು ಮಾಡದೆ ಧ್ವನಿಯಲ್ಲೇ ಅರ್ಥ ಕಳಿಸಬಹುದಂತೆ! ಹದಿನೆಂಟು ಮಂದಿಗೆ ಗಂಟಲಿತ್ತು, ಒಬ್ಬರಿಗೆ ಇರಲಿಲ್ಲ. ಕೈ ಎತ್ತಿಸಿದರು. ಪದ್ಮನಾಭಣ್ಣನ ಜೊತೆ ನಾನು ಮತ್ತು ಕುಲಕರ್ಣಿ ಎತ್ತದವರು. ಶೇಖರಣ್ಣ ಅಧ್ಯಕ್ಷರಾದ್ದರಿಂದ ಕೈ ಎತ್ತಲಿಲ್ಲ, ಎಣಿಸಿದರು.

ಮುಂದಿನದ್ದು ಮುಂಬಯಿ ಕನ್ನಡಿಗರು ಮಾತ್ರ ಮಾಡಬಹುದಾದ ಕೆಲಸ. ನಮ್ಮ ಕೈಗೆ ಒಂದು ಸಮಸ್ಯೆ ಕೊಟ್ಟು ನೋಡಿ, ನಾವು ಅದಕ್ಕೆ ಶಾಲು ಹೊದಿಸುತ್ತೇವೆ. ಪದ್ಮನಾಭಣ್ಣನಿಗೆ ಹೊಸ ಕೂಟದಲ್ಲಿ ಜಾಗವಿಲ್ಲ ಎಂಬುದು ಎಲ್ಲರ ಮನಸ್ಸನ್ನೂ ಚುಚ್ಚುತ್ತಿತ್ತು. ಚುಚ್ಚಿದ್ದಕ್ಕೆ ಮದ್ದೇನು? ಸಂಕ್ರಾಂತಿಯ ಕಾರ್ಯಕ್ರಮದಲ್ಲಿ ಅವರಿಗೆ ಸನ್ಮಾನ. ಶಾಲು, ಹಣ್ಣಿನ ಬುಟ್ಟಿ, ಹೊಳೆಯುವ ಫಲಕ, ಮತ್ತು 'ತಾಳಮದ್ದಳೆ ರಂಗದಿಂದ ನಿವೃತ್ತರಾಗುತ್ತಿರುವ' ಎಂದು ಆರಂಭವಾಗುವ ಮಾನಪತ್ರ. ಮನುಷ್ಯನನ್ನು ಹೊರಗೆ ತಳ್ಳಬಾರದು, ಅದು ಅಸಭ್ಯ. ಹಾರ ಹಾಕಿ, ಕೈ ಹಿಡಿದು, ಫೋಟೋ ತೆಗೆಸಿ, ಬಾಗಿಲ ತನಕ ಬಿಟ್ಟು ಬರಬೇಕು.

ವೇದಿಕೆಯಲ್ಲಿ ಮಾನಪತ್ರ ಓದಿದ್ದು ಶ್ರೀನಿಧಿ. ಪದ್ಮನಾಭಣ್ಣ ಶಾಲಿನೊಳಗೆ ನೆಟ್ಟಗೆ ಕೂತು ಕೇಳಿದರು. 'ನಿವೃತ್ತರಾಗುತ್ತಿರುವ' ಎಂಬಲ್ಲಿ ಒಮ್ಮೆ ಸಭೆಯ ಕಡೆ ನೋಡಿದರು. ಓದು ಮುಗಿದ ಮೇಲೆ ಸ್ಲೇಟು ತೆಗೆದು ಬರೆದು, ಪಕ್ಕದಲ್ಲಿದ್ದ ಶೇಖರಣ್ಣನ ಕೈಗೆ ಕೊಟ್ಟು, ಮೈಕಿನ ಕಡೆ ಬೆರಳು ತೋರಿಸಿದರು. ನಾನು ವೇದಿಕೆಯ ಬದಿಯಲ್ಲಿ ಹಾರ್ಮೋನಿಯಂ ಹಿಂದೆ ಇದ್ದೆ. ನನಗೆ ಅಕ್ಷರ ಕಾಣುತ್ತಿತ್ತು. "ನಾನು ನಿವೃತ್ತನಾಗಿಲ್ಲ. ಎದುರಾಳಿ ಬರಲಿ."

ಶೇಖರಣ್ಣ ಓದಿದರು. ಕನ್ನಡಕ ಸರಿ ಮಾಡಿಕೊಂಡು ಮತ್ತೊಮ್ಮೆ ಓದಿದರು. ಮೈಕಿನ ಮುಂದೆ ಬಗ್ಗಿ, ಆ ಗಂಭೀರ ಧ್ವನಿಯಲ್ಲಿ ಹೇಳಿದರು: "ನಮ್ಮ ಪದ್ಮನಾಭ ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದ ಅಂತ ಬರೆದಿದ್ದಾನೆ."

ಚಪ್ಪಾಳೆ.

"ಅದಲ್ಲ ಬರೆದದ್ದು!" ಎಂದು ನಾನು ಕೂಗಿದೆ. "ಸ್ಲೇಟು ತೋರಿಸಿ ಜನಕ್ಕೆ!" ಸಭೆ ನಕ್ಕಿತು. ಭಾಗವತರು ಎಂದಿನಂತೆ ಶ್ರುತಿ ತಪ್ಪಿದ್ದಾರೆ ಎಂದುಕೊಂಡರು. ಅತಿಥಿಗಳಿಗೆ ರೈಲಿಗೆ ಹೊತ್ತಾಗಿತ್ತು, ವಂದನಾರ್ಪಣೆ ಶುರುವಾಯಿತು. ಇಪ್ಪತ್ತು ವರ್ಷ ಪದ್ಮನಾಭಣ್ಣನ ಒಂದು ಮಾತನ್ನೂ ತಿರುಗೇಟಿಲ್ಲದೆ ಬಿಡದಿದ್ದ ಮನುಷ್ಯ ಅಂದು ಆ ಮಾತನ್ನು ಒರೆಸಿ ಇಟ್ಟಿದ್ದ.

ಮರುದಿನ ಪದ್ಮನಾಭಣ್ಣನಿಂದ ನನ್ನ ಕಂಪ್ಯೂಟರಿಗೆ ಸಂದೇಶ ಬಂತು. "ಭಾಗವತರೇ, ಬರುವ ಆದಿತ್ಯವಾರ ಮೂರಕ್ಕೆ ರಾಯಭಾರದ ಪ್ರಸಂಗ. ದೂತನಿಗೆ ತಿಳಿಸಬೇಕು. ಅವನು ಇರುವ ಊರಿಗೆ ನನ್ನ ಸಂದೇಶ ಹೋಗುವುದಿಲ್ಲ." ಕೆಳಗೆ ಅರಸನ ಮೊದಲ ಅರ್ಥ, ಸವಾಲಿನ ರೂಪದಲ್ಲಿ.

ಹೀಗಾಗಿ ಮನುಕುಲವು ಉಪಗ್ರಹಗಳನ್ನು ಹಾರಿಸಿ, ಸಮುದ್ರದಡಿ ತಂತಿ ಎಳೆದು, ಡೊಂಬಿವಲಿಗೂ ಠಾಣೆಗೂ ನಡುವಿನ ಅಂತರವನ್ನು ಕಣ್ಣು ಮಿಟುಕಿಸುವಷ್ಟು ಕಿರಿದು ಮಾಡಿದ ಮೇಲೆ, ಐವತ್ತು ದಾಟಿದ ಸರಕಾರಿ ಗುಮಾಸ್ತನೊಬ್ಬ ಒಂದು ಹಾಳೆಯನ್ನು ಜೇಬಿನಲ್ಲಿಟ್ಟುಕೊಂಡು ಸ್ಲೋ ಲೋಕಲ್ ಹತ್ತಿದ. ಕಚೇರಿಯಿಂದ ಬರುವ ದಾರಿಯಲ್ಲಿ ಗಾಡಿ ಬದಲಿಸುವ ಠಾಣೆಯಲ್ಲೇ ಸ್ಟೇಷನ್ನಿನಿಂದ ಹೊರಬೀಳಬಹುದಿತ್ತು. ಹೊರಬೀಳಲಿಲ್ಲ. ಡೊಂಬಿವಲಿಗೆ ಹೋಗಿ, ಪದ್ಮನಾಭಣ್ಣನ ಕ್ಯಾಂಟೀನಿನಿಂದಲೇ ಹೊರಟೆ. ರಾಯಭಾರಕ್ಕೆ ಒಂದು ಕ್ರಮವಿದೆ.

ಶೇಖರಣ್ಣ ಗಲ್ಲಾದಲ್ಲಿದ್ದರು. ನನ್ನನ್ನು ನೋಡಿ, ಕೇಳದೆಯೇ ಬನ್ಸ್ ಮತ್ತು ಚಹಾ ತರಿಸಿದರು. ಹಾಳೆ ಕೊಟ್ಟೆ. ಓದುತ್ತ ಓದುತ್ತ ಅವರ ಬೆನ್ನು ನೆಟ್ಟಗಾಯಿತು. "ನಿನ್ನ ಒಡೆಯ ಬಾಗಿಲು ಮುಚ್ಚಿದ್ದಾನೆಂದು ನೀನು ಮೂಕನಾದೆಯೋ, ಮೂಕನಾಗಲು ಬಾಗಿಲು ಹುಡುಕುತ್ತಿದ್ದೆಯೋ?" ಎಂದು ಬರೆದಿತ್ತು ಅದರಲ್ಲಿ. ಶೇಖರಣ್ಣ ತೊಡೆ ತಟ್ಟಿದರು.

"ಪಾಪಿ! ಎಂಥ ಮಾತು ಹಾಕಿದ್ದಾನೆ ನೋಡು!" ಮರುಕ್ಷಣ, ಗಿರಾಕಿಗೆ ಚಿಲ್ಲರೆ ಕೊಡುತ್ತಿದ್ದ ಕೈಯನ್ನು ಹಾಗೇ ಗಾಳಿಯಲ್ಲಿ ನಿಲ್ಲಿಸಿ, ಅಲ್ಲೇ ಉತ್ತರ ಶುರು ಮಾಡಿದರು: "ಅರಸಾ, ನಾನು ಮೂಕನಲ್ಲ. ಕಿವುಡರ ಸಭೆಯಲ್ಲಿ ಮಾತು ಉಳಿಸಿಕೊಂಡವನು..." ಹೋಟೆಲು ನಿಶ್ಶಬ್ದವಾಯಿತು. ಪಾವ್ ಬಾಜಿ ತಿನ್ನುತ್ತಿದ್ದ ಮರಾಠಿ ಕುಟುಂಬವೊಂದು ಅರ್ಥವಾಗದಿದ್ದರೂ ಕೈ ನಿಲ್ಲಿಸಿ ನೋಡಿತು. ಅಷ್ಟು ಚೆನ್ನಾಗಿತ್ತು. ಮುಗಿಸಿ, ಉಸಿರು ಬಿಟ್ಟು ಅವರೆಂದರು: "ಹೋಗಿ ಹೇಳು ಅವನಿಗೆ!"

"ನಾನು ಹೇಳುವುದಿಲ್ಲ," ಎಂದೆ. "ನೀವೇ ಟೈಪು ಮಾಡಿ. ಕಂಪ್ಯೂಟರು ನಿಮ್ಮ ಮೊಣಕೈ ಹತ್ತಿರ ಉಂಟು. ಕುಲಕರ್ಣಿ ಎಲ್ಲ ಮಾಡಿಟ್ಟಿದ್ದಾನೆ. ಒಂದು ಸಲ ಒತ್ತಿದರೆ ಆಯಿತು."

ಅವರು ಕಂಪ್ಯೂಟರನ್ನು ನೋಡಿದರು. ಅದರ ಮೇಲೆ ಬಿಲ್ಲಿನ ಪುಸ್ತಕ ಮತ್ತು ಒಂದು ಟವೆಲು ಇತ್ತು. "ಅದು ಹಾಗಲ್ಲ ಮಾರಾಯ. ಹಾಲಿನವ ಆ ಆ್ಯಪಿನಲ್ಲಿ, ಗ್ಯಾಸಿನವ ಅಲ್ಲಿ, ಊರಿನಲ್ಲಿ ನನ್ನ ಅತ್ತಿಗೆ ಅಲ್ಲಿ, ಕೂಟದವರೆಲ್ಲ ಅಲ್ಲಿ. ಪದ್ದು ಒಬ್ಬನಿಗೋಸ್ಕರ ನಾನು ಇನ್ನೊಂದು ಕಡೆ ಹೋಗಿ ಕೂರುವುದಾ?"

"ಅವರು ಒಬ್ಬರಿಗೋಸ್ಕರವೇ ಅಲ್ವಾ ನೀವು ಇಪ್ಪತ್ತು ವರ್ಷ ಡೊಂಬಿವಲಿಗೆ ಬಂದದ್ದು?"

ಶೇಖರಣ್ಣನ ಮೊಬೈಲು ಟಿಣ್ ಎಂದಿತು. ಮತ್ತೆ ಟಿಣ್ ಎಂದಿತು. ನೋಡಿದರು, ಬೆರಳಿನಿಂದ ಮೇಲಕ್ಕೆ ತಳ್ಳಿದರು. ನಾನು ಏಳುವಾಗ ಅಂದರು: "ಆದಿತ್ಯವಾರ ಬರ್ತೇನೆ ಅಂತ ಹೇಳು. ಖಂಡಿತ. ಮೂರಕ್ಕೆ ತಾನೇ?"

ಈ ನಡುವೆ ಶ್ರೀನಿಧಿಯ ಗುಂಪಿನಲ್ಲಿ ಧ್ವನಿ ತಾಳಮದ್ದಳೆ ಎರಡು ಸಲ ನಡೆದಿತ್ತು. ಕುಲಕರ್ಣಿ ಯಾರದೋ ಫೋನಿನಲ್ಲಿ ಕೇಳಿ ಬಂದು ವರದಿ ಒಪ್ಪಿಸಿದ. ಅರ್ಥದ ನಡುವೆ ಕುಕ್ಕರಿನ ಸೀಟಿ, ಅರ್ಥದ ನಡುವೆ ಲೋಕಲ್ಲಿನ "ಪುಢೀಲ್ ಸ್ಟೇಷನ್ ಮುಂಬ್ರಾ" ಎಂಬ ಘೋಷಣೆ, ಒಬ್ಬನ ಪ್ರಶ್ನೆಗೆ ಇನ್ನೊಬ್ಬ ಮರುದಿನ ಊಟವಾದ ಮೇಲೆ ಕೊಟ್ಟ ಉತ್ತರ. ಮೂರನೆಯ ವಾರ ಯಾರೋ ದೇವಸ್ಥಾನದ ಫೋಟೋ ಹಾಕಿದರು, ಎಲ್ಲರೂ ಕೈ ಮುಗಿದರು. ಆ ಕೈ ಮುಗಿಯುವುದು ಇಂದಿಗೂ ನಿಂತಿಲ್ಲ.

ಆ ಆದಿತ್ಯವಾರ ಬಂತು. ಮೂರಕ್ಕೆ ನಾನು ಪದ್ಯ ಟೈಪು ಮಾಡಿದೆ. ಸಭೆಯಲ್ಲಿ ಮೂರು ಹೆಸರುಗಳಿದ್ದವು: ಪದ್ಮನಾಭಣ್ಣ, ಕುಲಕರ್ಣಿ, ನಾನು. ಶೇಖರಣ್ಣನ ಹೆಸರು ಬದಿಯಲ್ಲಿ ಬೂದು ಬಣ್ಣದಲ್ಲಿತ್ತು. ಬಂದ ಕೂಡಲೇ ಹಸಿರಾಗುತ್ತದೆ ಎಂದು ಕುಲಕರ್ಣಿ ಹೇಳಿದ್ದ.

ಅರಸ ಮಾತು ಶುರು ಮಾಡಿದ. ಅಂಥ ಅರ್ಥವನ್ನು ನಾನು ಅವರ ಗಂಟಲು ಇದ್ದಾಗಲೂ ಕೇಳಿರಲಿಲ್ಲ. ಸಂಧಾನಕ್ಕೆ ಬಂದವನನ್ನು ಬಾಗಿಲಲ್ಲಿ ನಿಲ್ಲಿಸುವ ಅರಸರ ಬಗ್ಗೆ, ತಮ್ಮ ಕೋಟೆಯ ಗೋಡೆಯನ್ನೇ ಲೋಕದ ಅಂಚು ಎಂದು ಪ್ರಜೆಗಳಿಗೆ ಹೇಳುವವರ ಬಗ್ಗೆ, ಸಾಲಿನ ಮೇಲೆ ಸಾಲು. ಸಿಂಹಾಸನದ ಮೇಲೆ ಕೂತು ಸಿಂಹಾಸನಗಳನ್ನೇ ಬೈದರು. ಮುಗಿಸಿ, "ಎಲ್ಲಿ ದೂತ?" ಎಂದು ಕೇಳಿದರು.

ಕಾದೆವು. ಶೇಖರಣ್ಣನಿಗೆ ನಾನು ಫೋನು ಮಾಡಿದೆ. ಗಂಟೆ ಹೊಡೆಯಿತು, ಎತ್ತಲಿಲ್ಲ. ಹೊರಗೆ ಕಾರ್ಖಾನೆಯ ಘಾಟು ಕಿಟಕಿಯಿಂದ ಬರುತ್ತಿತ್ತು. ಅರಸ ಮತ್ತೆ ಕೇಳಿದ: "ಎಲ್ಲಿ ದೂತ?"

ಕುಲಕರ್ಣಿಯ ಹೆಸರಿನ ಕೆಳಗೆ "ಬರೆಯುತ್ತಿದ್ದಾರೆ" ಎಂದು ಮಿನುಗಿತು. "ನಾ ಬಂದೀನ್ರಿ ಅರಸಾ. ನನಗ ಪ್ರಸಂಗಾ ಗೊತ್ತಿಲ್ಲ. ಆದ್ರ ಸಭಾ ಖಾಲಿ ಇರಬಾರದು. ಏನ್ ಕೇಳ್ತೀರಿ ಕೇಳ್ರಿ."

ಆಮೇಲೆ ಪದ್ಮನಾಭಣ್ಣ ಬರೆದರು: "ಯಾವ ಸೀಮೆಯವನಯ್ಯಾ ನೀನು? ಮಾತು ರೊಟ್ಟಿ ಬಡಿದ ಹಾಗೆ ಕೇಳುತ್ತದೆ."

"ರೊಟ್ಟಿ ಉಣ್ಣೋ ಸೀಮಿಯಂವ, ಅರಸಾ. ನಿಮ್ಮ ಇಡ್ಲಿ ತಿಂದು ಸಂಧಾನಾ ಮಾಡಾಕ ಆಗೂದಿಲ್ಲ."

ಹಾಗೆ ನಡೆಯಿತು. ಕುಲಕರ್ಣಿ ನಾಲ್ಕು ಮಾತಿಗೊಮ್ಮೆ ಸೋತ, ಸೋತದ್ದು ತಿಳಿಯದೆ ಮತ್ತೆ ಎದ್ದು ನಿಂತ. ಪದ್ಮನಾಭಣ್ಣ ಅವನನ್ನು ಕೈಹಿಡಿದು ನಡೆಸಿಕೊಂಡು ಹೋದರು, ಎದುರಾಳಿಯನ್ನಲ್ಲ, ಶಿಷ್ಯನನ್ನು ನಡೆಸಿದಂತೆ. ಐದಕ್ಕೆ ನಾನು ಮಂಗಳಪದ್ಯ ಟೈಪು ಮಾಡಿದೆ. ಮುಂದಿನ ಮಳೆಗಾಲದ ತನಕ ಹೀಗೆಯೇ ಪ್ರತಿ ಆದಿತ್ಯವಾರ ಮೂವರೇ ಸೇರಿದೆವು. ಸಂಘದ ಕೋಣೆಯಲ್ಲಿ ಹೊಸ ಕುರ್ಚಿಗಳಿಗೆ ಜಾಗ ಬೇಕೆಂದಾಗ ಕುಲಕರ್ಣಿ ಆ ಡಬ್ಬಿಯನ್ನು ಕಲ್ಯಾಣದ ಅಂಗಡಿಗೆ ಹೊತ್ತೊಯ್ದ. ನಮ್ಮ ವಿಳಾಸ ಬದಲಾಗಲಿಲ್ಲ.

ಶೇಖರಣ್ಣನ ಹೆಸರು ಒಮ್ಮೆಯೂ ಹಸಿರಾಗಲಿಲ್ಲ.